ಹಾಸನದ ದಾರಿಯಲ್ಲಿ ಬ್ಲ್ಯಾಕ್ ಸಬ್ಬತ್, ಆಲ್ದೂರಿನ ಮಳೆಯಲ್ಲಿ ಸೌಂಡ್‌ಗಾರ್ಡನ್

ಗುರುವಾರ: ಬೆಂಗಳೂರಿನಿಂದ ಹಾಸನಕ್ಕೆ

ಈ ಪ್ರವಾಸಕ್ಕೆ ನಾನು ಹಾಕಿದ್ದು ಒಂದೇ ಷರತ್ತು. ಕಾರಿನಲ್ಲಿ ಒಂದು ಆಲ್ಬಮ್ ಹಾಕಿದರೆ ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೂ ಓಡಬೇಕು. ಮಧ್ಯೆ ಬದಲಾಯಿಸುವ ಹಾಗಿಲ್ಲ. ಪಕ್ಕದ ಸೀಟಿನಲ್ಲಿ ಅಕ್ಕನ ಮಗ ಕೂತಿದ್ದ. ಇಂಜಿನಿಯರಿಂಗ್ ಓದುತ್ತಿದ್ದಾನೆ, ಚಿಕ್ಕಂದಿನಿಂದ ಮೃದಂಗ ಕಲಿತಿದ್ದಾನೆ. ಹೆವಿ ರಾಕ್ ಅಂದರೆ ಅವನ ಪಾಲಿಗೆ ಬರೀ ಗಲಾಟೆ. "ಕೇಳ್ತೀನಿ ಮಾಮ, ಆದ್ರೆ ಇಷ್ಟ ಆಗ್ಲಿಲ್ಲ ಅಂದ್ರೆ ಆಗ್ಲಿಲ್ಲ ಅಂತಾನೇ ಹೇಳ್ತೀನಿ" ಅಂತ ಹೊರಡುವ ಮೊದಲೇ ಹೇಳಿದ್ದ. ನನಗೂ ಅಂಥ ಜೊತೆಯೇ ಬೇಕಿತ್ತು.

ಹೊರಟಿದ್ದು 2025ರ ಆಗಸ್ಟ್ ಶುರುವಿನಲ್ಲಿ. ಜುಲೈ 22ರಂದು ಇಂಗ್ಲೆಂಡಿನ ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಹಾಡುಗಾರ ಆಜಿ ಆಸ್ಬರ್ನ್ ತೀರಿಕೊಂಡಿದ್ದ. ಅದೇ ತಿಂಗಳು 5ನೇ ತಾರೀಕು ತನ್ನೂರು ಬರ್ಮಿಂಗ್‌ಹ್ಯಾಮ್‌ನಲ್ಲಿ, ವಿಲ್ಲಾ ಪಾರ್ಕ್ ಮೈದಾನದಲ್ಲಿ ಕೊನೆಯ ಸಲ ಹಾಡಿದ್ದ. ಪಾರ್ಕಿನ್ಸನ್ ಕಾಯಿಲೆ, ಎದ್ದು ನಿಲ್ಲುವ ಹಾಗಿರಲಿಲ್ಲ. ದೊಡ್ಡ ಸಿಂಹಾಸನದಂಥ ಕುರ್ಚಿಯಲ್ಲಿ ಕೂತೇ ಹಾಡಿದ. ಗಿಟಾರಿನ ಟೋನಿ ಐಯೋಮಿ, ಬೇಸ್‌ನ ಗೀಜರ್ ಬಟ್ಲರ್, ಡ್ರಮ್ಸ್‌ನ ಬಿಲ್ ವಾರ್ಡ್, ಬ್ಯಾಂಡಿನ ಮೂವರೂ ಜೊತೆಗಿದ್ದರು. ಸಾವಿನ ಸುದ್ದಿ ಬಂದ ಮೇಲೆ ಚಿಕ್ಕಮಗಳೂರು ಹತ್ತಿರದ ಆಲ್ದೂರಿನಿಂದ ನನ್ನ ಹಾಸ್ಟೆಲ್ ಗೆಳೆಯ ಫೋನ್ ಮಾಡಿ, "ಮಳೆ ಅಂತ ನೋಡಬೇಡ ಮಾರಾಯ, ಬಂದುಬಿಡು. ಎಲ್ಲಾ ಮೊದಲಿಂದ ಕೇಳೋಣ" ಅಂದ. ಹಾಗಾಗಿ ಮೊದಲಿಂದಲೇ ಶುರು ಮಾಡಿದೆವು. 1970ರ ಫೆಬ್ರವರಿ 13ಕ್ಕೆ ಬಂದ ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಮ್. ನಾಲ್ಕು ಜನ ಹುಡುಗರು ಸ್ಟುಡಿಯೋದಲ್ಲಿ ಒಂದೇ ದಿನ ನುಡಿಸಿ ಮುಗಿಸಿದ್ದು.

ಆಲ್ಬಮ್ ಶುರುವಾಗುವುದೇ ಮಳೆ ಸದ್ದಿನಿಂದ. ಆಮೇಲೆ ಗುಡುಗು, ದೂರದಲ್ಲಿ ಚರ್ಚಿನ ಗಂಟೆ. ನೆಲಮಂಗಲ ದಾಟಿ ಕುಣಿಗಲ್ ಕಡೆ ತಿರುಗಿದಾಗ ಹೊರಗೂ ಸಣ್ಣಗೆ ಹನಿಯುತ್ತಿತ್ತು. ಗಿಟಾರ್ ಬಂತು. ಒಂದು ಸ್ವರ. ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ. ಆಮೇಲೆ ನಡುವೆ ಇಳಿದು ಮೂರನೆಯದು, ಅಲ್ಲೇ ನಡುಗುತ್ತಾ ನಿಂತಿತು. ಹುಡುಗ ಕಿಟಕಿ ಗಾಜು ಏರಿಸಿ ಕಿವಿಗೊಟ್ಟ.

"ಮಾಮ, ಇದು ಪ್ರತಿ ಮಧ್ಯಮ ಅಲ್ವಾ?"

ಹೌದು. ಸ, ಮೇಲಿನ ಸ, ಆಮೇಲೆ ಪ್ರತಿ ಮಧ್ಯಮ, ಅಂದರೆ ಪಂಚಮಕ್ಕೆ ಒಂದೇ ಮನೆ ಕೆಳಗಿನ ಮ. ಇಷ್ಟರಲ್ಲೇ ಹೆವಿ ಮೆಟಲ್ ಅನ್ನುವ ಸಂಗೀತದ ಬಾಗಿಲು ತೆರೆಯಿತು ಅಂತ ಬಹಳ ಜನ ಹೇಳುತ್ತಾರೆ. ಯೂರೋಪಿನವರು ಈ ಅಂತರವನ್ನು ಹಿಂದೆ ಸೈತಾನನ ತಲೆಗೆ ಕಟ್ಟಿದ್ದರು. ನಮ್ಮಲ್ಲಿ 72 ಮೇಳಕರ್ತ ರಾಗಗಳಲ್ಲಿ 36ಕ್ಕೆ ಪ್ರತಿ ಮಧ್ಯಮವೇ. ಅಂಥದ್ದೇ ಆದ ಕಲ್ಯಾಣಿ ರಾಗ ಕೇಳಿ ಯಾರಾದರೂ ಹೆದರಿದ್ದುಂಟಾ? ಮತ್ತೆ ಈ ಹಾಡು ಇವತ್ತಿಗೂ ಮೈ ಜುಮ್ಮೆನ್ನಿಸುವುದು ಯಾಕೆ? ಅದಕ್ಕೆ ಹುಡುಗನೇ ಒಂದು ಕಾರಣ ಹೇಳಿದ. ಕಲ್ಯಾಣಿಯಲ್ಲಿ ಮಧ್ಯಮ ಪಂಚಮದ ಕಡೆ ವಾಲುತ್ತೆ, ಅಲ್ಲಿಗೆ ಹೋದರೆ ಕಿವಿಗೆ ಸಮಾಧಾನ. ಇಲ್ಲಿ ಗಿಟಾರ್ ಪಂಚಮದ ಬಾಗಿಲವರೆಗೆ ಬಂದು ಒಳಗೆ ಹೋಗುವುದೇ ಇಲ್ಲ. ಮತ್ತೆ ಕೆಳಗಿನ ಸ.

ನಾನು ಸೇರಿಸಿದ್ದು ಇನ್ನೊಂದು ಮಾತು. ಅದರ ಕಾಲಪ್ರಮಾಣ ನೋಡು. ಎಷ್ಟು ನಿಧಾನ. ಒಂದು ಪೆಟ್ಟಿಗೂ ಇನ್ನೊಂದು ಪೆಟ್ಟಿಗೂ ನಡುವೆ ಎಷ್ಟು ಖಾಲಿ ಜಾಗ. ಶಬ್ದ ಜಾಸ್ತಿ ಮಾಡಿದರೆ ಸಂಗೀತ ಜೋರಾಗುತ್ತೆ ಅಷ್ಟೇ. ಭಾರ ಬರುವುದು ಆ ಖಾಲಿ ಜಾಗದಿಂದ. ವರ್ಷಗಟ್ಟಲೆ ಕೇಳಿದ ಮೇಲೆ ನನಗೆ ಗಟ್ಟಿಯಾಗಿ ಕೂತ ಅಭಿಪ್ರಾಯ ಇದು. ದಾರಿಯುದ್ದಕ್ಕೂ ನಾವಿಬ್ಬರೂ ಇದರ ಮೇಲೇ ಮಾತಾಡಿದೆವು.

ಎಡೆಯೂರಿನಲ್ಲಿ ತಿಂಡಿಗೆ ನಿಲ್ಲಿಸಿದಾಗ ಐಯೋಮಿಯ ಬೆರಳಿನ ಕಥೆ ಹೇಳಿದೆ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಬೇಜಾರಾಗುವುದಿಲ್ಲ. ಅವನು 17 ವರ್ಷದ ಹುಡುಗ. ತಗಡಿನ ಕಾರ್ಖಾನೆಯಲ್ಲಿ ಕೆಲಸ. ಕೆಲಸ ಬಿಡುವ ಕೊನೆಯ ದಿನ ಯಂತ್ರಕ್ಕೆ ಬಲಗೈ ಸಿಕ್ಕಿ ನಡುಬೆರಳು, ಉಂಗುರ ಬೆರಳುಗಳ ತುದಿ ಹೋಯಿತು. ಅವನು ಎಡಚ, ತಂತಿ ಒತ್ತುವುದು ಬಲಗೈಯಲ್ಲೇ. ಎಲ್ಲಾ ಮುಗಿಯಿತು ಅಂತ ಕೂತಿದ್ದಾಗ ಕಾರ್ಖಾನೆಯ ಮೇಲಿನವರೊಬ್ಬರು ಜ್ಯಾಂಗೋ ರೈನ್‌ಹಾರ್ಟ್‌ನ ರೆಕಾರ್ಡ್ ತಂದು ಕೇಳಿಸಿದರು. ಬೆಂಕಿಯಲ್ಲಿ ಎಡಗೈಯ ಎರಡು ಬೆರಳು ಕೆಲಸಕ್ಕೆ ಬಾರದಂತಾದ ಮೇಲೂ ಗಿಟಾರ್ ನುಡಿಸಿ ಹೆಸರು ಮಾಡಿದವನು ಜ್ಯಾಂಗೋ. ಐಯೋಮಿ ಮನೆಗೆ ಬಂದು ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ. ಜಾರದಿರಲಿ ಅಂತ ಮೇಲೆ ಚರ್ಮದ ತುಂಡು ಅಂಟಿಸಿದ. ದಪ್ಪ ತಂತಿ ಒತ್ತಿದರೆ ನೋವು, ಅದಕ್ಕೆ ತೆಳು ತಂತಿ ಹಾಕಿದ. ಮುಂದೆ 1971ರ 'ಮಾಸ್ಟರ್ ಆಫ್ ರಿಯಾಲಿಟಿ' ಆಲ್ಬಮ್ ಹೊತ್ತಿಗೆ ಕೆಲವು ಹಾಡುಗಳಿಗೆ ಶ್ರುತಿಯನ್ನೇ ಮೂರು ಮನೆ ಇಳಿಸಿದ. ತಂತಿ ಸಡಿಲವಾಯಿತು, ನೋವು ಕಮ್ಮಿಯಾಯಿತು, ನಾದ ಪಾತಾಳಕ್ಕೆ ಇಳಿಯಿತು. ಇವತ್ತು ಜಗತ್ತಿನ ಯಾವ ಮೂಲೆಯ ಮೆಟಲ್ ಬ್ಯಾಂಡ್ ಆದರೂ ಶ್ರುತಿ ಇಳಿಸಿ ನುಡಿಸುತ್ತಿದ್ದರೆ ಅದರ ಹಿಂದೆ ಆ ಕಾರ್ಖಾನೆ ಹುಡುಗನ ನೋವಿದೆ.

ಹುಡುಗ ತನ್ನ ಬೆರಳಿನ ತುದಿ ನೋಡಿಕೊಂಡ. ಮೃದಂಗದವರಿಗೂ ಬೆರಳೇ ಬದುಕು.

ಚನ್ನರಾಯಪಟ್ಟಣ ದಾಟಿ ಹಾಸನ ಸೇರಿದಾಗ ಮಧ್ಯಾಹ್ನ. ನಾನು ಓದಿದ ಊರು. ಆಗ ಕ್ಯಾಸೆಟ್ ಕಾಲ ಮುಗಿಯುತ್ತಾ ಬಂದಿತ್ತು, ಎಂಪಿಥ್ರೀ ಸಿಡಿ ಕಾಲ ಶುರುವಾಗಿತ್ತು. ಒಂದು ಸಿಡಿಯಲ್ಲಿ ನೂರೈವತ್ತು ಹಾಡು ತುಂಬಿಸಿ ಹಾಸ್ಟೆಲ್‌ನ ಒಂದೇ ಕಂಪ್ಯೂಟರಿನಲ್ಲಿ ಎಲ್ಲರೂ ಕೇಳುತ್ತಿದ್ದೆವು. 2007ರ ಮಾರ್ಚ್ 17ಕ್ಕೆ ಬೆಂಗಳೂರಿನ ಪ್ಯಾಲೇಸ್ ಗ್ರೌಂಡ್ಸ್‌ಗೆ ಐರನ್ ಮೇಡನ್ ಬಂದಾಗ ಇಲ್ಲಿಂದಲೇ ಕೆಂಪು ಬಸ್ ಹತ್ತಿ ಹೋಗಿದ್ದು. ಅಲ್ಲಿಯವರೆಗೆ ಅಷ್ಟು ದೊಡ್ಡ ಮೆಟಲ್ ಬ್ಯಾಂಡ್ ನಮ್ಮ ಕಡೆ ಬರುತ್ತದೆ ಅಂದರೆ ಯಾರೂ ನಂಬುತ್ತಿರಲಿಲ್ಲ. ಸ್ಟೀವ್ ಹ್ಯಾರಿಸ್‌ನ ಬೇಸ್ ಗಿಟಾರ್ ಕುದುರೆ ಓಟದಲ್ಲಿ ಶುರುವಾದಾಗ ನೆಲ ಅದುರಿದ್ದು ಇನ್ನೂ ಕಾಲಿನಲ್ಲಿದೆ. 2011ರ ಅಕ್ಟೋಬರ್ 30ಕ್ಕೆ ಅದೇ ಊರಿನಲ್ಲಿ ಮೆಟಾಲಿಕಾ. ಅಷ್ಟು ಹೊತ್ತಿಗೆ ನನಗೆ ಕೆಲಸ ಸಿಕ್ಕಿತ್ತು, ಟಿಕೆಟ್‌ಗೆ ಯಾರ ಹತ್ತಿರವೂ ಕೈ ಚಾಚಬೇಕಿರಲಿಲ್ಲ.

ಸಂಜೆ ಹಾಸ್ಟೆಲ್ ಬೀದಿಯಲ್ಲಿ ಒಂದು ಸುತ್ತು ಹಾಕಿದೆವು. ರಾತ್ರಿ ಊಟ ಮಾಡಿ ಬೇಗ ಮಲಗಿದೆವು.

ಶುಕ್ರವಾರ: ಹಳೇಬೀಡು, ಬೇಲೂರು

ಬೆಳಿಗ್ಗೆ ಹಳೇಬೀಡಿನ ರಸ್ತೆಗೆ ಹಾಕಿದ್ದು ಟೂಲ್ ಬ್ಯಾಂಡಿನ 'ಲ್ಯಾಟರಲಸ್'. 2001ರ ಆಲ್ಬಮ್, ಹತ್ತಿರ ಹತ್ತಿರ 80 ನಿಮಿಷ. ನನಗೆ ಈ ಬ್ಯಾಂಡ್ ಮೇಲೆ ಇರುವುದು ಅಭಿಮಾನಕ್ಕಿಂತ ಹೆಚ್ಚಿನದು. ಒಂದೊಂದು ಆಲ್ಬಮ್‌ಗೆ ವರ್ಷಗಟ್ಟಲೆ ತೆಗೆದುಕೊಳ್ಳುತ್ತಾರೆ. 2006ರ ಆಲ್ಬಮ್ ಆದ ಮೇಲೆ ಮುಂದಿನದು ಬಂದಿದ್ದು 2019ಕ್ಕೆ. ಕಾದಿದ್ದಕ್ಕೆ ಒಂದು ಸಲವೂ ಬೇಸರವಾಗಿಲ್ಲ.

ಐದನೇ ಹಾಡಿನಲ್ಲಿ ಬೇಸ್ ಗಿಟಾರ್ ಒಂಟಿಯಾಗಿ ಶುರುವಾಯಿತು. ಹುಡುಗನ ಕೈ ತೊಡೆ ಮೇಲೆ ಬಿತ್ತು. ಒಂದೆರಡು ಸುತ್ತು ತಡವರಿಸಿತು. ಆಮೇಲೆ ಸರಿಯಾಗಿ ಕೂತಿತು. "ತಕ ತಕಿಟ, ತಕಿಟ ತಕದಿಮಿ... ಖಂಡ ಒಂದು, ಮಿಶ್ರ ಒಂದು ಮಾಮ! ಐದು ಏಳು, ಐದು ಏಳು!" ಅಂತ ಅರಚಿದ. ಬರೀ ಗಲಾಟೆ ಅನ್ನುತ್ತಿದ್ದವನು ಸೀಟ್‌ಬೆಲ್ಟ್ ಎಳೆದುಕೊಂಡು ಮುಂದಕ್ಕೆ ಬಾಗಿ ಕೂತ.

ಹಳೇಬೀಡು ತಲುಪಿದಾಗ ಆಲ್ಬಮ್ ಇನ್ನೂ ಬಾಕಿ ಇತ್ತು. ದ್ವಾರಸಮುದ್ರ ಕೆರೆ ಪಕ್ಕ ಕಾರು ನಿಲ್ಲಿಸಿ ಕೂತೆವು. ಆಲ್ಬಮ್‌ನ ಹೆಸರಿನದೇ ಹಾಡು ಬಂತು. ಅದರ ಮುಖ್ಯ ಭಾಗದಲ್ಲಿ ಎಣಿಕೆ 9, ಆಮೇಲೆ 8, ಆಮೇಲೆ 7. ಇದನ್ನು ಮೊದಲೇ ಹೇಳದೆ ಬಿಟ್ಟಿದ್ದೆ. ಅವನು ಕಣ್ಣು ಮುಚ್ಚಿ ಬೆರಳು ಮಡಿಸುತ್ತಾ ಹೋದ. ಹಾಡು ಮುಗಿದ ಮೇಲೆ ಅವನು ಹೇಳಿದ್ದು ಇಷ್ಟು ವರ್ಷ ನನಗೆ ಹೊಳೆದೇ ಇರಲಿಲ್ಲ.

"ಸಂಕೀರ್ಣ, ಚತುರಶ್ರ, ಮಿಶ್ರ. ಒಂದೊಂದೇ ಕಮ್ಮಿ ಆಗ್ತಾ ಬರುತ್ತೆ, ಗೋಪುಚ್ಛ ಯತಿ. ಆದ್ರೆ ಒಟ್ಟು ಎಷ್ಟು ಹೇಳಿ? 24. ನೀವು ಸುಮ್ನೆ ಎಂಟೆಣಿಕೆಯ ಆದಿತಾಳ ಹಾಕ್ತಾ ಕೂತ್ರೂ ಮೂರು ಆವರ್ತಕ್ಕೆ ಸಮಕ್ಕೆ ಬಂದು ಕೂರುತ್ತೆ."

ಹಾಕಿ ನೋಡಿದೆವು. ಹಾಡನ್ನು ಹಿಂದಕ್ಕೆ ಓಡಿಸಿದೆ, ನನ್ನ ಷರತ್ತನ್ನು ಇಲ್ಲಿ ಮಾತ್ರ ಪಕ್ಕಕ್ಕಿಟ್ಟೆ. ನಾನು ಆದಿತಾಳ ಹಾಕಿದೆ, ಅವನು 9, 8, 7ರ ಜತಿಯನ್ನು ಬಾಯಲ್ಲೇ, ಕೊನ್ನಕ್ಕೋಲಿನಲ್ಲಿ, ಹೇಳಿದ. ಮೊದಲ ಆವರ್ತದಲ್ಲಿ ಅವನು ನನ್ನಿಂದ ಒಂದು ಎಣಿಕೆ ದೂರ. ಎರಡನೆಯದರಲ್ಲೂ ಅಷ್ಟೇ ದೂರ. ಮೂರನೆಯದರ ಕೊನೆಯಲ್ಲಿ ಇಬ್ಬರ ಪೆಟ್ಟೂ ಒಂದೇ ಜಾಗದಲ್ಲಿ ಬಿತ್ತು. ಕೆರೆ ಏರಿಯ ಮೇಲೆ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಅಜ್ಜ ನಿಂತು ನಮ್ಮನ್ನೇ ನೋಡಿದರು. ಟೂಲ್‌ನ ಡ್ರಮ್ಮರ್ ಡ್ಯಾನಿ ಕ್ಯಾರಿ ತಬಲಾ ಕಲಿತವನು ಅಂತ ಆಗ ಹೇಳಿದೆ. "ಅದಕ್ಕೇ" ಅಂದ, ಅಷ್ಟೇ.

ಹೊಯ್ಸಳೇಶ್ವರ ದೇವಸ್ಥಾನ ನೋಡಿಕೊಂಡು ಬಸ್ತಿಹಳ್ಳಿಯ ಬಸದಿಗಳಿಗೆ ಹೋದೆವು. ದೇವಸ್ಥಾನದಲ್ಲಿ ಜನ ಜಾಸ್ತಿ, ಇಲ್ಲಿ ಯಾರೂ ಇರಲಿಲ್ಲ. 1133ರ ಪಾರ್ಶ್ವನಾಥ ಬಸದಿಯ ಕಂಬಗಳು ಎಷ್ಟು ನುಣುಪು ಅಂದರೆ ಹತ್ತಿರ ನಿಂತರೆ ಮುಖ ಕಾಣುತ್ತದೆ. ಅಲ್ಲೇ ಜಗಲಿ ಮೇಲೆ ಕೂತು ಆ ಹಾಡಿನ ಇನ್ನೊಂದು ಗುಟ್ಟು ಬಿಚ್ಚಿಟ್ಟೆ. ಹಾಡಿನ ಮೊದಲ ಸಾಲುಗಳಲ್ಲಿ ಅಕ್ಷರಗಳ ಲೆಕ್ಕ 1, 1, 2, 3, 5, 8 ಅಂತ ಏರುತ್ತದೆ, ಮತ್ತೆ ಇಳಿಯುತ್ತದೆ. ಒಂದೊಂದು ಸಂಖ್ಯೆಯೂ ಅದರ ಹಿಂದಿನ ಎರಡರ ಮೊತ್ತ. ಫಿಬೊನಾಚಿ ಸರಣಿ ಅಂತ ಪ್ರಪಂಚವೆಲ್ಲ ಕರೆಯುತ್ತದೆ. ಫಿಬೊನಾಚಿಯ ಪುಸ್ತಕ 1202ರದ್ದು. ಅದಕ್ಕಿಂತ ಮೊದಲೇ, ಸುಮಾರು 1150ರ ಹೊತ್ತಿಗೆ, ಗುಜರಾತಿನ ಜೈನ ಪಂಡಿತ ಹೇಮಚಂದ್ರ ಇದೇ ಲೆಕ್ಕ ಬರೆದಿದ್ದ. ಅವನಿಗೆ ಇದು ಸಿಕ್ಕಿದ್ದು ಛಂದಸ್ಸಿನಲ್ಲಿ.

ಶಾಲೆಯಲ್ಲಿ ಲಘು ಗುರು ಹಾಕಿದವರಿಗೆ ಇದು ತಕ್ಷಣ ಗೊತ್ತಾಗುತ್ತದೆ. ಲಘು ಒಂದು ಮಾತ್ರೆ, ಗುರು ಎರಡು. ನಾಲ್ಕು ಮಾತ್ರೆಯ ಗಣವನ್ನು ಎಷ್ಟು ಬಗೆಯಲ್ಲಿ ಕಟ್ಟಬಹುದು? ಹುಡುಗ ನೋಟ್‌ಬುಕ್ ತೆಗೆದು ಬರೆದ. ಎರಡು ಗುರು. ಗುರು ಮೊದಲು, ಎರಡು ಲಘು ಆಮೇಲೆ. ಗುರು ನಡುವೆ. ಗುರು ಕೊನೆಗೆ. ನಾಲ್ಕೂ ಲಘು. ಒಟ್ಟು ಐದು. ಮೂರು ಮಾತ್ರೆಗೆ ಮೂರು ಬಗೆ, ಐದು ಮಾತ್ರೆಗೆ ಎಂಟು ಬಗೆ. ಅದೇ ಸರಣಿ. ನಮ್ಮ ಕಂದಪದ್ಯದ ಗಣಗಳೂ ನಾಲ್ಕು ಮಾತ್ರೆಯವೇ. ಲಾಸ್ ಏಂಜಲೀಸಿನ ಒಂದು ಬ್ಯಾಂಡ್, ಹಳಗನ್ನಡದ ಕಂದ, ಹೇಮಚಂದ್ರನ ಕಾಲದ್ದೇ ಆದ ಒಂದು ಬಸದಿ. ಮೂರನ್ನೂ ಒಂದೇ ಹಾಳೆಯಲ್ಲಿ ನೋಡಿದಾಗ ನನಗಾದ ಖುಷಿ ಸಣ್ಣದಲ್ಲ.

ಮಧ್ಯಾಹ್ನ ಬೇಲೂರು. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ದೇವಸ್ಥಾನದ ಬಗ್ಗೆ ನಾನು ಹೊಸದಾಗಿ ಹೇಳುವುದು ಏನೂ ಇಲ್ಲ. ಒಂದನ್ನು ಮಾತ್ರ ಬರೆಯಬೇಕು. ಎಲ್ಲರೂ ಶಿಲಾಬಾಲಿಕೆಯರ ಮುಖ, ಒಡವೆ ನೋಡುತ್ತಿದ್ದರೆ ಇವನು ಅವರ ಕಾಲ ಬಳಿಯ ಪುಟ್ಟ ಮದ್ದಳೆಗಾರರನ್ನು ನೋಡುತ್ತಾ ನಿಂತ. ಕತ್ತು ನೋಯುವಷ್ಟು ಹೊತ್ತು. ಒಬ್ಬನ ಕೈ ಮೇಲಕ್ಕೆದ್ದಿತ್ತು. "ಪೆಟ್ಟು ಬೀಳೋದಕ್ಕೆ ಮುಂಚಿನ ಗಳಿಗೆ ಕೆತ್ತಿದಾರೆ ಮಾಮ. ನೀವು ಹೇಳ್ತಿದ್ರಲ್ಲ ಖಾಲಿ ಜಾಗ ಅಂತ" ಅಂದ.

ಚಿಕ್ಕಮಗಳೂರು ಸೇರಿದಾಗ ಕತ್ತಲಾಗಿತ್ತು. ಮಳೆ ಹಿಡಿದಿತ್ತು. ರೂಮಿಗೆ ಹೋಗಿ ಬಟ್ಟೆ ಒಣಹಾಕಿ ಮಲಗಿದ್ದಷ್ಟೇ.

ಶನಿವಾರ: ಮುಳ್ಳಯ್ಯನಗಿರಿ, ಆಲ್ದೂರು

ಬೆಳಕು ಹರಿಯುವ ಹೊತ್ತಿಗೆ ಗಿರಿ ಹತ್ತಲು ಶುರು ಮಾಡಿದೆವು. ಹಾಕಿದ್ದು ಮೆಟಾಲಿಕಾದ 1986ರ 'ಮಾಸ್ಟರ್ ಆಫ್ ಪಪೆಟ್ಸ್'. ಈ ಆಲ್ಬಮ್‌ನಲ್ಲಿ ವೇಗ ಇದೆ. ಆದರೂ ನನಗೆ ಇದರಲ್ಲಿ ಇಷ್ಟವಾಗುವುದು ಹಾಡಿನ ನಡುವೆ ಎಲ್ಲಾ ನಿಂತು, ಎರಡು ಗಿಟಾರ್ ಮೆಲ್ಲಗೆ ಮಾತಾಡಿಕೊಳ್ಳುವ ಜಾಗಗಳು. ಬೇಸ್ ನುಡಿಸಿದ ಕ್ಲಿಫ್ ಬರ್ಟನ್ ಸಂಗೀತವನ್ನು ಶಾಸ್ತ್ರವಾಗಿ ಓದಿಕೊಂಡವನು. ಜರ್ಮನಿಯ ಹಳೇ ಶಾಸ್ತ್ರೀಯ ಸಂಗೀತಗಾರ ಬಾಕ್‌ನನ್ನು ಆರಾಧಿಸುತ್ತಿದ್ದವನು. ಆಲ್ಬಮ್ ಬಂದ ವರ್ಷವೇ ಸೆಪ್ಟೆಂಬರ್ 27ರಂದು ಸ್ವೀಡನ್ನಿನಲ್ಲಿ ಬಸ್ ಮಗುಚಿ ತೀರಿಕೊಂಡ. 24 ವರ್ಷ. ಅವನು ಇದ್ದ ಮೂರು ಆಲ್ಬಮ್‌ಗಳ ಮಟ್ಟಕ್ಕೆ ಆ ಬ್ಯಾಂಡ್ ಮತ್ತೆ ಏರಲಿಲ್ಲ ಅನ್ನುವವರ ಗುಂಪಿನವನು ನಾನು. 1991ರ ಕಪ್ಪು ಆಲ್ಬಮ್ ಪ್ರಪಂಚಕ್ಕೆಲ್ಲ ಇಷ್ಟ. ನನಗೂ ಇಷ್ಟವೇ, ಆದರೆ ಅದನ್ನು ಪೂರ್ತಿ ಕೇಳಬೇಕು ಅಂತ ನನಗೆ ಯಾವತ್ತೂ ಹಸಿವಾಗಿಲ್ಲ.

ಸೀತಾಳಯ್ಯನಗಿರಿ ಹತ್ತಿರ ಬರುವಷ್ಟರಲ್ಲಿ ಮಂಜು ಎಷ್ಟಿತ್ತೆಂದರೆ ಬಾನೆಟ್‌ನ ತುದಿ ಕಾಣುತ್ತಿರಲಿಲ್ಲ. ಮೇಲೆ ಮುಳ್ಳಯ್ಯನ ಗದ್ದುಗೆ, 1,930 ಮೀಟರ್, ಕರ್ನಾಟಕದಲ್ಲೇ ಎತ್ತರದ ಜಾಗ. ಗಾಳಿ ತಳ್ಳುತ್ತಿತ್ತು. ಕೈಮುಗಿದು ಇಳಿದೆವು. ಕೆಳಗೆ ಒಂದು ಗಾಡಿಯವರು ಡಿಕ್ಕಿ ತೆಗೆದು ಸ್ಪೀಕರ್ ಹಾಕಿ ಕುಣಿಯುತ್ತಿದ್ದರು. ಏನು ಹಾಡು ಅಂತಲೇ ಗೊತ್ತಾಗಲಿಲ್ಲ, ಬರೀ ಧಬ ಧಬ. ಅದನ್ನು ಕೇಳಿ ನೆನಪಾಗಿದ್ದು ಮೆಟಾಲಿಕಾದ್ದೇ 2008ರ ಆಲ್ಬಮ್. ಹಾಡುಗಳು ಚೆನ್ನಾಗಿಯೇ ಇವೆ. ಆದರೆ ಧ್ವನಿಮುದ್ರಣದಲ್ಲಿ ಮೆಲ್ಲಗಿನ ಜಾಗವನ್ನೆಲ್ಲ ಎತ್ತಿ ಜೋರಿನ ಮಟ್ಟಕ್ಕೆ ತಂದುಬಿಟ್ಟರು. ಅಭಿಮಾನಿಗಳೇ ಆಗ ಗಲಾಟೆ ಮಾಡಿದರು. ಎಲ್ಲವೂ ಜೋರಾದರೆ ಯಾವುದೂ ಜೋರಲ್ಲ. ಕಿವಿ ಸುಸ್ತಾಗುತ್ತದೆ, ಎದೆಗೆ ಏನೂ ತಾಗುವುದಿಲ್ಲ.

ಆಲ್ದೂರಿನಲ್ಲಿ ಗೆಳೆಯ ಕೊಡೆ ಹಿಡಿದು ರಸ್ತೆಗೇ ಬಂದು ನಿಂತಿದ್ದ. ಈ ವರ್ಷ ಮಳೆ ಬೇಗ ಹಿಡಿದು ಬಿಡುತ್ತಲೇ ಇಲ್ಲ, ಅರೇಬಿಕಾ ಕಾಯಿ ಉದುರುತ್ತಿದೆ, ಕೊಳೆ ರೋಗ ಶುರುವಾಗಿದೆ ಅಂತ ತೋಟ ತೋರಿಸುತ್ತಾ ಹೇಳಿದ. ಕಪ್ಪಾಗಿ ಜೋತುಬಿದ್ದ ಎಲೆಗಳನ್ನು ಕಿತ್ತು ಕಿತ್ತು ಚೀಲಕ್ಕೆ ಹಾಕಿಕೊಳ್ಳುತ್ತಿದ್ದ. ಸಿಲ್ವರ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿಯಿಂದ ನೀರು ಸುರಿಯುತ್ತಲೇ ಇತ್ತು. ಹುಡುಗನ ಕಾಲಿಗೆ ಇಂಬಳ ಹತ್ತಿತು. ಗೆಳೆಯನ ಅಮ್ಮ ಉಪ್ಪು ತಂದು ಬಿಡಿಸಿ, "ಮಳೆಗಾಲದಲ್ಲಿ ಬಂದ್ರೆ ಇವೂ ನೆಂಟ್ರೇ ಮಗಾ" ಅಂದರು. ಊಟಕ್ಕೆ ಕಡುಬು, ಕಳಲೆ ಸಾರು. ಕಳಲೆಯನ್ನು ದಿನವೂ ನೀರು ಬದಲಾಯಿಸಿ ನೆನೆಸಿ ಒಗರು ತೆಗೆದಿದ್ದರು.

ಇನ್ನು ಅವನ ಕೋಣೆ. ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯದ ವಸ್ತು ಇಲ್ಲ. ಚಪ್ಪಲಿ, ಬೆಲ್ಟು, ಪುಸ್ತಕ, ಗಿಟಾರಿನ ಚೀಲ. ಕ್ಯಾಸೆಟ್‌ಗಳಿಗಾಗಿ ಅವನು ಒಂದು ಮರದ ಬೀರು ಮಾಡಿಸಿದ್ದಾನೆ. ಒಳಗೆ ಕೆಳಗಿನ ಅರೆಯಲ್ಲಿ ಹಳೇ ಕಾಲದ 40 ವ್ಯಾಟ್ ಬಲ್ಬು ಹಗಲೂ ರಾತ್ರಿ ಉರಿಯುತ್ತದೆ. ಅದರ ಬಿಸಿಗೆ ತೇವ ನಿಲ್ಲುವುದಿಲ್ಲ. ಅಂಥ ಬಲ್ಬು ಈಗ ಸಿಗುವುದೇ ಕಷ್ಟ, ಸಿಕ್ಕಾಗ ಡಜನ್‌ಗಟ್ಟಲೆ ತಂದಿಟ್ಟುಕೊಳ್ಳುತ್ತಾನೆ. ಬೀರುವಿನ ಬಾಗಿಲು ತೆಗೆದರೆ ಬೆಚ್ಚಗಿನ ಪ್ಲಾಸ್ಟಿಕ್ ವಾಸನೆ. ಇವೆಲ್ಲ ಅವನ ಅಣ್ಣ ಮಂಗಳೂರಿನಲ್ಲಿ ಓದುವಾಗ ಕೊಂಡ ಕ್ಯಾಸೆಟ್‌ಗಳು. ನಿರ್ವಾಣದ 'ನೆವರ್‌ಮೈಂಡ್', ಪರ್ಲ್ ಜ್ಯಾಮ್‌ನ 'ಟೆನ್', ಆಲಿಸ್ ಇನ್ ಚೈನ್ಸ್‌ನ 'ಡರ್ಟ್', ಸೌಂಡ್‌ಗಾರ್ಡನ್‌ನ 'ಸೂಪರ್‌ಅನ್‌ನೋನ್'. ನಾಲ್ಕೂ ಬ್ಯಾಂಡ್ ಅಮೆರಿಕದ ಸಿಯಾಟಲ್ ಕಡೆಯವು. ನಾಲ್ಕೂ ಆಲ್ಬಮ್ 1991ರಿಂದ 1994ರ ಒಳಗೆ ಬಂದಿದ್ದು. 'ನೆವರ್‌ಮೈಂಡ್' 1992ರ ಜನವರಿಯಲ್ಲಿ ಮೈಕೆಲ್ ಜ್ಯಾಕ್ಸನ್‌ನ ಆಲ್ಬಮ್ ಅನ್ನು ಕೆಳಗಿಳಿಸಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು. ಮೂರು ಜನ ಹುಡುಗರ ಬ್ಯಾಂಡ್.

ಸಿಯಾಟಲ್‌ನಲ್ಲಿ ಸದಾ ಮಳೆ, ಅದಕ್ಕೇ ಅವರ ಸಂಗೀತ ಮಂಕು ಅಂತ ಒಂದು ಮಾತಿದೆ. ಅಲ್ಲಿ ವರ್ಷಕ್ಕೆ ಬೀಳುವುದು ಸುಮಾರು 950 ಮಿಲಿಮೀಟರ್. ಆಲ್ದೂರಿನವರಿಗೆ ಅದು ಮಳೆಯೇ ಅಲ್ಲ. ಗೆಳೆಯನ ಪ್ರಕಾರ ಮಳೆ ಮಾಡುವುದು ಒಂದೇ ಕೆಲಸ. ಜನರನ್ನು ಒಳಗೆ ಕೂರಿಸುತ್ತದೆ. ಒಳಗೆ ಕೂತವರ ಕೈಗೆ ಗಿಟಾರ್ ಸಿಕ್ಕಿದರೆ ದಿನವಿಡೀ ನುಡಿಸುತ್ತಾರೆ. ನನಗೆ ಈ ಮಾತು ಸರಿ ಅನ್ನಿಸುತ್ತದೆ, ಅವನೇ ಅದಕ್ಕೆ ಸಾಕ್ಷಿ.

ಗಿಟಾರ್ ತೆಗೆದ. ತಂತಿ ತುಕ್ಕು ಹಿಡಿದು ಬೆರಳೆಲ್ಲ ಕೆಂಚಗಾಗುತ್ತಿತ್ತು. ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡು ದಪ್ಪ ತಂತಿಯ ಬಿರಡೆಯನ್ನು ಮೆಲ್ಲಗೆ ಸಡಿಲಿಸಿದ. ಇ ಸ್ವರದಲ್ಲಿದ್ದ ತಂತಿ ಕೊಯ್ಯ್ ಅಂತ ಇಳಿದು ಡಿಗೆ ಬಂತು. "ಈಗ ನೋಡು. ಮೊದಲು ಈ ಕಾರ್ಡ್, ಅಂದ್ರೆ ಒಟ್ಟಿಗೆ ಬಾರಿಸೋ ಸ್ವರಗಳನ್ನ, ಹಿಡಿಯೋದಕ್ಕೆ ಎರಡು ಮೂರು ಬೆರಳು ಬೇಕಿತ್ತು. ಈಗ ಒಂದೇ ಬೆರಳು ಅಡ್ಡ ಇಟ್ರೆ ಸಾಕು, ಜಾರಿಸ್ತಾ ಹೋಗು" ಅಂದ. ಒಂದೇ ಬೆರಳಿನಲ್ಲಿ ಮೇಲೆ ಕೆಳಗೆ ಜಾರಿಸಿದ. ಸಡಿಲ ತಂತಿ ಗಿಟಾರಿನ ಮೈಗೆ ತಾಗಿ ಗರಗರ ಅಂತಿತ್ತು. ಸೌಂಡ್‌ಗಾರ್ಡನ್‌ನ ಅರ್ಧ ಹಾಡುಗಳ ಮೂಲ ಈ ಒಂದು ಬಿರಡೆ. ಅದರ ಗಿಟಾರ್ ವಾದಕ ಕಿಮ್ ತಾಯಿಲ್, ತಂದೆ ತಾಯಿ ಕೇರಳದವರು, ಹುಟ್ಟಿದ್ದು ಸಿಯಾಟಲ್‌ನಲ್ಲಿ. ನಾವು ಹಾಸ್ಟೆಲ್‌ನಲ್ಲಿದ್ದಾಗ ಇದು ಗೊತ್ತಾಗಿ ಎರಡು ದಿನ ನೆಲದ ಮೇಲೆ ನಡೆದಿರಲಿಲ್ಲ.

'ಸೂಪರ್‌ಅನ್‌ನೋನ್' ಹಾಕಿದೆವು. ಸಿಯಾಟಲ್‌ನ ಬೀದಿಯಲ್ಲಿ ಚಮಚ ನುಡಿಸಿಕೊಂಡು ಹಾಡುತ್ತಿದ್ದ ಕಲಾವಿದನೊಬ್ಬನ ಬಗ್ಗೆ ಇದರಲ್ಲಿ ಒಂದು ಹಾಡಿದೆ. ಅವನೇ ಬಂದು ಚಮಚ ನುಡಿಸಿಯೂ ಇದ್ದಾನೆ. ಅದರ ಗಿಟಾರ್ ಸಾಲು ಏಳರ ಎಣಿಕೆ. ಹುಡುಗ ಈಗ ಕೇಳಬೇಕಾ? ಅಡುಗೆಮನೆಯಿಂದ ಎರಡು ಚಮಚ ತಂದು ಮಿಶ್ರ ಛಾಪು ಹಾಕತೊಡಗಿದ. ಟೂಲ್‌ನವರ ಲೆಕ್ಕ ಲೆಕ್ಕದ ಹಾಗೆಯೇ ಕೇಳುತ್ತದೆ. ಸೌಂಡ್‌ಗಾರ್ಡನ್ ಹಾಗಲ್ಲ. ಏಳು ಎಣಿಸುತ್ತಿದ್ದೀರಿ ಅಂತ ಗೊತ್ತೇ ಆಗದ ಹಾಗೆ ತಲೆ ಆಡಿಸಿಬಿಡುತ್ತಾರೆ. ನನ್ನ ಪಾಲಿಗೆ ದೊಡ್ಡ ವಿದ್ಯೆ ಅದು. ಅದರ ಮೇಲೆ ಕ್ರಿಸ್ ಕಾರ್ನೆಲ್‌ನ ಗಂಟಲು. ಮಂದ್ರದಲ್ಲಿ ಗೊಣಗುತ್ತಾ ಶುರು ಮಾಡಿ, ಕಿರುಚದೆ, ಬಿರಿಯದೆ ತಾರಕ್ಕೆ ಏರುವ ಗಂಟಲು. 2017ರ ಮೇ 18ರಂದು ಅವನು ಹೋದ ಸುದ್ದಿ ಬಂದಾಗ ನಾನು ಆಫೀಸಿನಲ್ಲಿದ್ದೆ. ಮೆಟ್ಟಿಲ ಮೇಲೆ ಹೋಗಿ ಕೂತುಬಿಟ್ಟಿದ್ದೆ.

ಏಳು ಗಂಟೆಗೆ ಎಲ್ಲೋ ಮರ ಬಿದ್ದು ಕರೆಂಟು ಹೋಯಿತು. ಬೀರುವಿನ ಬಲ್ಬೂ ಆರಿತು. ಮರುದಿನದವರೆಗೆ ಬರುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಕಾರನ್ನು ಪೋರ್ಟಿಕೋಗೆ ತಂದು, ಬಾಗಿಲು ತೆಗೆದಿಟ್ಟು ಕೇಳಿದ್ದು ಆಲಿಸ್ ಇನ್ ಚೈನ್ಸ್‌ನ ಅನ್‌ಪ್ಲಗ್ಡ್. 1996ರ ಏಪ್ರಿಲ್ 10ರಂದು ನ್ಯೂಯಾರ್ಕಿನಲ್ಲಿ ನುಡಿಸಿದ್ದು. ಅಬ್ಬರದ ಗಿಟಾರ್ ಇಲ್ಲ, ಮರದ ಗಿಟಾರ್‌ಗಳು, ಎರಡು ಗಂಟಲು. ಲೇನ್ ಸ್ಟೇಲಿ ಮತ್ತು ಜೆರಿ ಕ್ಯಾಂಟ್ರೆಲ್ ಒಬ್ಬರ ಸ್ವರಕ್ಕೆ ಒಬ್ಬರು ಎಷ್ಟು ಹತ್ತಿರದ ಸ್ವರ ಹಿಡಿಯುತ್ತಾರೆ ಅಂದರೆ ಯಾರದು ಯಾವುದು ಅಂತ ಬಿಡಿಸಲಾಗುವುದಿಲ್ಲ. ಲ್ಯಾಂಪು ಹಿಡಿದು ಬಂದ ಅಮ್ಮ ಸ್ವಲ್ಪ ಹೊತ್ತು ನಿಂತು ಕೇಳಿ, "ಇವರಿಬ್ರೂ ಅಣ್ಣ ತಮ್ಮನಾ?" ಅಂತ ಕೇಳಿದರು. ಅಲ್ಲ ಅಮ್ಮ ಅಂದೆ. "ಮತ್ತೆ ಒಂದೇ ಮನೇಲಿ ಬೆಳೆದೋರ ಹಂಗೆ ಹಾಡ್ತಾರಲ್ಲ" ಅಂದರು.

ಭಾರಕ್ಕೆ ಶಬ್ದ ಬೇಡ ಅನ್ನುವುದಕ್ಕೆ ಇದಕ್ಕಿಂತ ಬೇರೆ ಆಧಾರ ನನ್ನ ಹತ್ತಿರ ಇಲ್ಲ. ಆ ದಿನ ಸ್ಟೇಲಿಯ ಮೈ ಡ್ರಗ್ಸ್‌ನಿಂದ ಸವೆದುಹೋಗಿತ್ತು. ಅದಾಗಿ ಕೆಲವು ಸಲವಷ್ಟೇ ವೇದಿಕೆ ಹತ್ತಿದ. 2002ರ ಏಪ್ರಿಲ್‌ನಲ್ಲಿ, ಮನೆಯಲ್ಲಿ ಒಬ್ಬನೇ ಇದ್ದಾಗ ತೀರಿಕೊಂಡ. ನಿರ್ವಾಣದ ಹಾಡುಗಾರ ಕರ್ಟ್ ಕೊಬೇನ್ 27ಕ್ಕೆ ಹೋದ, ಇವನು 34ಕ್ಕೆ. ಇವರ ಸಾವನ್ನು ಸಂಗೀತದ ಭಾಗ ಮಾಡಿ ವೈಭವಿಸುವವರ ಮೇಲೆ ನನಗೆ ಸಿಟ್ಟಿದೆ. ಡ್ರಗ್ಸ್ ಅವರಿಗೆ ಹಾಡು ಕೊಡಲಿಲ್ಲ. ಹಾಡಬಹುದಾಗಿದ್ದ ಇನ್ನೂ ಮೂವತ್ತು ವರ್ಷವನ್ನು ಕಿತ್ತುಕೊಂಡಿತು. ಹುಡುಗನಿಗೆ ಇದನ್ನು ಬಿಡಿಸಿ ಹೇಳಿದೆ. ಗೆಳೆಯನೂ ಹೌದು ಅಂದ.

ಭಾನುವಾರ: ವಾಪಸ್

ಬೆಳಿಗ್ಗೆ ಅಕ್ಕಿರೊಟ್ಟಿ, ಎಣ್ಣೆಗಾಯಿ ತಿಂದು ಹೊರಟೆವು. ಬೇಲೂರಿನವರೆಗೆ ಬೆಂಗಳೂರಿನದೇ ಬ್ಯಾಂಡ್ ಕ್ರಿಪ್ಟೋಸ್. 1998ರಲ್ಲಿ ಶುರುವಾದದ್ದು. 2013ರಲ್ಲಿ ಜರ್ಮನಿಯ ವಾಕನ್ ಮೆಟಲ್ ಉತ್ಸವದಲ್ಲಿ ನುಡಿಸಿ ಬಂದಿದೆ. ಐರನ್ ಮೇಡನ್ ಥರ ಎರಡು ಗಿಟಾರ್ ಜೋಡಿಯಾಗಿ ಓಡುತ್ತವೆ. ಹೊಸ ಹೊಸ ಫ್ಯಾಷನ್ ಬಂದರೂ ಇವರು ತಮಗಿಷ್ಟವಾದ ಹಳೇ ದಾರಿ ಬಿಟ್ಟಿಲ್ಲ, ಅದಕ್ಕೇ ನನಗೆ ಪ್ರೀತಿ.

ಹಾಸನ ದಾಟಿ ನಾಲ್ಕು ಪಥದ ರಸ್ತೆ ಸಿಕ್ಕಿದ ಮೇಲೆ ಸ್ವೀಡನ್ನಿನ ಮೆಶುಗ್ಗಾ ಹಾಕಿದೆ. ಎಂಟು ತಂತಿಯ ಗಿಟಾರ್. ಇವರ ಕ್ರಮ ಬೇರೆಯೇ. ಡ್ರಮ್ಮರ್‌ನ ಬಲಗೈ ತಾಳದ ತಟ್ಟೆಯ ಮೇಲೆ ನಾಲ್ಕರ ಎಣಿಕೆ ಬಿಡದೆ ಹಿಡಿದಿರುತ್ತದೆ. ಕಾಲು ಮತ್ತು ಗಿಟಾರ್ ಸೇರಿ ಬೇರೊಂದು ಉದ್ದದ ಜತಿಯನ್ನು ಮತ್ತೆ ಮತ್ತೆ ಹಾಕುತ್ತಾ ಜಾರುತ್ತಾ ಹೋಗುತ್ತವೆ. ನಾಲ್ಕೋ ಎಂಟೋ ಆವರ್ತದ ಕೊನೆಯಲ್ಲಿ ಉಳಿದದ್ದನ್ನು ಕತ್ತರಿಸಿ ಸಮಕ್ಕೆ ಬಂದು ಬೀಳುತ್ತಾರೆ. "ಇದು ತನಿ ಆವರ್ತನ" ಅಂದ ಹುಡುಗ, ಕಛೇರಿಯಲ್ಲಿ ಮೃದಂಗದವರು ಒಂಟಿಯಾಗಿ ನುಡಿಸುವ ಭಾಗ ಅದು. "ಕೊನೇಲಿ ಕೋರ್ವೆ ಅನ್ನೋ ಜತಿ ಹಾಕಿ ಎಡುಪ್ಪಿಗೆ, ಅಂದ್ರೆ ಹಾಡು ಎತ್ತೋ ಜಾಗಕ್ಕೆ, ತರೋದೂ ಇದೇ ತಾನೇ? ಆದ್ರೆ ಮಾಮ, ಈ ಗಂಟಲು ಬೇಡ. ಹಾಡ್ತಿದಾನಾ, ಬೈತಿದಾನಾ ಗೊತ್ತಾಗಲ್ಲ."

ಇಲ್ಲಿ ನಮಗೆ ಜಗಳವೇ ಆಯಿತು. ಯಕ್ಷಗಾನದಲ್ಲಿ ಬಣ್ಣದ ವೇಷ ತೆರೆಯ ಹಿಂದೆ ಆರ್ಭಟ ಕೊಡುತ್ತದಲ್ಲ, ಅಲ್ಲಿ ನೀನು ಸಾಹಿತ್ಯ ಹುಡುಕುತ್ತೀಯಾ ಅಂದೆ. ಆರ್ಭಟ ಎರಡು ನಿಮಿಷ ಇರುತ್ತೆ, ಆಮೇಲೆ ಭಾಗವತರು ಹಾಡ್ತಾರೆ, ಇಲ್ಲಿ ಭಾಗವತರೇ ಇಲ್ಲ ಅಂದ. ಆ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ, ಆದರೂ ಬಿಡಲಿಲ್ಲ. ಆ ಗಂಟಲು ರಾಗಕ್ಕೆ ಅಲ್ಲ, ಲಯಕ್ಕೆ ಅಂದೆ. ಹಾಗಾದರೆ ಅದರ ಜಾಗದಲ್ಲಿ ಒಂದು ಘಟ ಇಟ್ಟರೆ ಸಾಕಲ್ಲ ಅಂದ. ಕುಣಿಗಲ್ ದಾಟಿದರೂ ಮುಗಿಯಲಿಲ್ಲ.

ಹಿಂದಿನ ಸೀಟಿನಲ್ಲಿ ಗೆಳೆಯ ಕೊಟ್ಟ ರಟ್ಟಿನ ಪೆಟ್ಟಿಗೆ ಇದೆ. ಬಲ್ಬಿನ ಬೀರು ಬರುವ ಮೊದಲೇ ಬೂಷ್ಟು ಹಿಡಿದ ಕ್ಯಾಸೆಟ್‌ಗಳು. ಟೇಪಿನ ಅಂಚಿನಲ್ಲಿ ಬಿಳಿ ಪುಡಿ ಕಾಣುತ್ತದೆ. ಹಾಗೇ ಹಾಕಿದರೆ ಪ್ಲೇಯರಿನ ಹೆಡ್ ಹಾಳಾಗುತ್ತದೆ. ಒಂದೊಂದನ್ನೇ ಬಿಚ್ಚಿ, ಒಣ ಬಟ್ಟೆಯಲ್ಲಿ ಒರೆಸುತ್ತಾ ಕೈಯಲ್ಲೇ ಸುತ್ತಿ, ಬೇರೆ ಚಿಪ್ಪಿಗೆ ಹಾಕಿ, ಕಂಪ್ಯೂಟರಿಗೆ ಇಳಿಸಬೇಕು. ಹುಡುಗ ತಾನೂ ಕೂರುತ್ತೇನೆ ಅಂದಿದ್ದಾನೆ. ಮೊದಲು ಬಿಚ್ಚುವುದು 'ಡರ್ಟ್'. ಅಮ್ಮನಿಗೆ ಆ ಇಬ್ಬರ ಹಾಡು ಇನ್ನೊಂದು ಸಲ ಬೇಕಂತೆ.